ಗಜಕ್ ಪೊಟ್ಟಣ ಮತ್ತು ಒಂದು ರಾಜೀನಾಮೆ

ಮಯೂರ್ ವಿಹಾರದ ಮೆಟ್ರೋ ನಿಲ್ದಾಣದ ಮೆಟ್ಟಿಲಿಳಿದು ರಸ್ತೆಗೆ ಕಾಲಿಡುವ ಮೊದಲೇ ಹುರಿದ ಎಳ್ಳಿನ ವಾಸನೆ ಮೂಗಿಗೆ ಬಂತು. ಇಲ್ಲಿಯ ಚಳಿಗಾಲಕ್ಕೆ ಎರಡೇ ವಾಸನೆ, ಒಂದು ಹೊಗೆಯದು, ಇನ್ನೊಂದು ಗಜಕ್‌ನದು. ಗಜಕ್ ಎಂದರೆ ನಮ್ಮ ಎಳ್ಳುಚಿಕ್ಕಿಯ ದೆಹಲಿ ದಾಯಾದಿ. ಎಳ್ಳು ಬೆಲ್ಲ ಎರಡನ್ನೂ ಕುಟ್ಟಿ ಕುಟ್ಟಿ ಪದರ ಪದರವಾಗಿ ಮಾಡಿರುತ್ತಾರೆ, ಬಾಯಿಗಿಟ್ಟರೆ ಪುಡಿಯಾಗುತ್ತದೆ. ತಳ್ಳುಗಾಡಿಯವನು "ಲೇ ಲೋ ಭಯ್ಯಾ, ಬಿಲ್ಕುಲ್ ತಾಜಾ ಹೈ" ಎಂದ. ನಾನು ಅವನದೇ ರಾಗವೆಳೆಯುವ ದನಿಯಲ್ಲಿ "ಕಬ್ ಸೇ ತಾಜಾ ಹೈ?", ಎಂದಿನಿಂದ ತಾಜಾ, ಎಂದೆ. ಅವನು ನಗಲಿಲ್ಲ. ಮೊದಲಾದರೆ ನಗುವವರೆಗೂ ಬಿಡುತ್ತಿರಲಿಲ್ಲ. ಈಗ ಸುಮ್ಮನೆ ಒಂದು ಪೊಟ್ಟಣ ಕಟ್ಟಿಸಿಕೊಂಡೆ.

ನಾಲ್ಕು ಚಳಿಗಾಲದ ಹಿಂದೆ ಇಂಥದ್ದೇ ಪೊಟ್ಟಣವನ್ನು ಇದೇ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ, ಇಲ್ಲಿ ತಿನ್ನಬಾರದು ಎಂಬ ಫಲಕದ ಕೆಳಗೇ ನಿಂತು, ಒಂದು ಚೂರೂ ಉಳಿಸದೆ ತಿಂದಿದ್ದೆ. ಫಲಕ ಓದಿ ಬೇಕೆಂದೇ ತಿಂದದ್ದು. ಆ ತಪ್ಪಿನ ಬಗ್ಗೆ ನನಗೇನೂ ಬೇಸರವಿಲ್ಲ. ಆದರೆ ಆ ಗಜಕ್ ನನ್ನದಾಗಿರಲಿಲ್ಲ.

ನನ್ನ ಹೆಸರು ವಿನಯ. ಇಟ್ಟವರ ತಪ್ಪಲ್ಲ, ಹುಟ್ಟಿದಾಗ ಸುಮ್ಮನೆ ಮಲಗಿದ್ದೆನಂತೆ. ಮಾತು ಬಂದ ದಿನದಿಂದ ಯಾರ ಮಾತನ್ನೂ ಅವರ ಬಾಯಲ್ಲಿ ಬಿಟ್ಟವನಲ್ಲ. ತುಮಕೂರಿನ ಶಾಲೆಯಲ್ಲಿ ಹೆಡ್‌ಮಾಸ್ಟರರ ದನಿಯಲ್ಲಿ ರಜೆ ಘೋಷಿಸಿ ಅರ್ಧ ಶಾಲೆಯನ್ನು ಮನೆಗೆ ಕಳಿಸಿದವನು. ಆ ಚಳಿಗಾಲದಲ್ಲಿ ನಾನು ಓಲ್ಡ್ ರಾಜಿಂದರ್ ನಗರದ ಒಂದು ಕೋಣೆಯಲ್ಲಿದ್ದೆ. ಮಧ್ಯದಲ್ಲಿ ನಿಂತು ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಕೋಣೆ. ಸಿವಿಲ್ ಸರ್ವಿಸ್ ಪರೀಕ್ಷೆಗೆ ಓದುತ್ತಿದ್ದೆ. ಎರಡು ಸಲ ಪ್ರಿಲಿಮ್ಸ್ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡಿತ್ತು. ವಿಷಯ ಇತಿಹಾಸ. ಜಗತ್ತಿನಲ್ಲಿ ಯಾರು ಯಾರ ಮೇಲೆ ಯಾಕೆ ಯುದ್ಧ ಮಾಡಿದರು ಎಂದು ಕೇಳಿದರೆ ಕೆಟಲ್‌ನಲ್ಲಿ ನೀರು ಕುದಿಯುವಷ್ಟರಲ್ಲಿ ಐದು ಕಾರಣ ಹೇಳುತ್ತಿದ್ದೆ.

ಶ್ರೀಪಾದರಾಯರು ಸಿಕ್ಕಿದ್ದು ಕನ್ನಡದವರ ರಾಜ್ಯೋತ್ಸವದ ಊಟದ ಸಾಲಿನಲ್ಲಿ. ವೇದಿಕೆಯ ಮೇಲೆ ವಂದನಾರ್ಪಣೆ ಮಾಡಿ ಇಳಿದು ಹೋದ ಹಿರಿಯರೊಬ್ಬರನ್ನು ನಾನು ಗೆಳೆಯರ ಮುಂದೆ ಆಡಿ ತೋರಿಸುತ್ತಿದ್ದೆ. "ಆಲ್ ಆರ್ ರಿಕ್ವೆಸ್ಟೆಡ್ ಟು ಕೈಂಡ್ಲಿ ಪ್ರೊಸೀಡ್ ಟು ದಿ ಬಿಸಿಬೇಳೆಬಾತ್." ಗೆಳೆಯರು ಇದ್ದಕ್ಕಿದ್ದಂತೆ ನಗು ನಿಲ್ಲಿಸಿದರು. ಬೆನ್ನ ಹಿಂದಿನಿಂದ ಒಂದು ದನಿ ಬಂತು.

"ಚೆನ್ನಾಗಿದೆ. ಆದ್ರೆ ಆ 'ಕೈಂಡ್ಲಿ' ಇದೆಯಲ್ಲ, ಅದು ಇನ್ನೂ ಸ್ವಲ್ಪ ಮೂಗಿನಿಂದ ಬರಬೇಕು ಕಣಯ್ಯಾ."

ತಿರುಗಿ ನೋಡಿದರೆ ಅವರೇ. ಮಫ್ಲರ್, ಕೈಯಲ್ಲಿ ಎಲೆ, ಮುಖದಲ್ಲಿ ಒಂದಿಷ್ಟೂ ನಗುವಿಲ್ಲ. ಏನು ಓದ್ತೀಯ ಎಂದು ಕೇಳಿದರು. ಹೇಳಿದೆ. "ನನ್ನ ಮೊಮ್ಮಗಳಿಗೆ ಚರಿತ್ರೆ ತಲೆಗೆ ಹತ್ತಲ್ಲ. ಭಾನುವಾರ ಬಾ. ಮಾತಾಡೋರು ಬೇಕು ಅವಳಿಗೆ, ಓದಿಸೋರಲ್ಲ" ಎಂದರು.

ಹಾಗೆ ನಾನು ಮಯೂರ್ ವಿಹಾರದ ಆ ಹೌಸಿಂಗ್ ಸೊಸೈಟಿಗೆ ಶನಿವಾರ, ಭಾನುವಾರದ ಮೇಷ್ಟ್ರಾದೆ. ರಾಯರು ಕೇಂದ್ರ ಸರ್ಕಾರದ ಒಂದು ಇಲಾಖೆಯಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದವರು. ಕಚೇರಿ ಅವರನ್ನು ಬಿಟ್ಟಿತ್ತೇ ಹೊರತು ಅವರು ಕಚೇರಿಯನ್ನು ಬಿಟ್ಟಿರಲಿಲ್ಲ. ಸೊಸೈಟಿಯ ಸೆಕ್ರೆಟರಿಯಾಗಿ ಕೆಳಗಿನ ನೋಟಿಸ್ ಬೋರ್ಡನ್ನೇ ಒಂದು ಮಂತ್ರಾಲಯದಂತೆ ನಡೆಸುತ್ತಿದ್ದರು. ಲಿಫ್ಟ್ ಕೆಟ್ಟರೂ ಅಲ್ಲೊಂದು ಸುತ್ತೋಲೆ, ಸರಿಯಾದರೂ ಇನ್ನೊಂದು. ಅವರ ಹೆಂಡತಿ ಸುಮಿತ್ರಮ್ಮ ಕಾಫಿ ತಂದಿಡುತ್ತ "ಇದಕ್ಕೂ ಡೈರಿ ನಂಬರ್ ಹಾಕಿಸಿಕೊಳ್ಳಪ್ಪ" ಎನ್ನುತ್ತಿದ್ದರು.

ಶಿಷ್ಯವರ್ಗ ಎಂದರೆ ಇಬ್ಬರೇ. ರಾಯರ ಮೊಮ್ಮಗಳು ಮೇಘನಾ ಮತ್ತು ಎದುರಿನ ಎ ಬ್ಲಾಕಿನ ಚೋಪ್ರಾ ಅಂಕಲ್ ಅವರ ಮೊಮ್ಮಗ ಅರ್ಣವ್. ಇಬ್ಬರೂ ಹತ್ತನೇ ತರಗತಿ, ಒಂದೇ ಸ್ಕೂಲು, ಒಂದೇ ಪ್ರಾಜೆಕ್ಟು. ಮೊದಲನೇ ಮಹಾಯುದ್ಧದ ಕಾರಣಗಳು, ದೊಡ್ಡದೊಂದು ಚಾರ್ಟ್ ಸಮೇತ.

ಚೋಪ್ರಾ ಅಂಕಲ್ ಬ್ಯಾಂಕಿನಿಂದ ನಿವೃತ್ತರಾದವರು. ಎಡಗಿವಿ ಮಂದ. ತಮಗೆ ಕೇಳಿಸದ್ದು ಊರಿಗೂ ಕೇಳಿಸುವುದಿಲ್ಲ ಎಂಬ ನಂಬಿಕೆಯಿಂದ ಎಲ್ಲವನ್ನೂ ಕೂಗಿಯೇ ಹೇಳುತ್ತಿದ್ದರು. "ಓಯ್ ರಾವ್ ಸಾಬ್!" ಎಂದು ಕೆಳಗಿನಿಂದ ಕೂಗಿದರೆ ಪಾರಿವಾಳಗಳು ಎರಡು ಬ್ಲಾಕ್ ದಾಟಿ ಹಾರುತ್ತಿದ್ದವು. ಆ ಕೂಗು ನನ್ನ ಸಂಗ್ರಹದ ಅತ್ಯುತ್ತಮ ಐಟಂ ಆಯಿತು. ರಾಯರ ಊಟದ ಮೇಜಿನ ಪಕ್ಕದಲ್ಲೇ ಅದನ್ನು ಮಾಡಿ ತೋರಿಸುತ್ತಿದ್ದೆ. ಒಮ್ಮೆ ನಿಜವಾಗಿಯೂ ಅವರೇ ಕರೆದರೆಂದು ರಾಯರು ಬಾಲ್ಕನಿಗೆ ಓಡಿ ಬಂದು, ಕೆಳಗೆ ಯಾರನ್ನೂ ಕಾಣದೆ, ನನ್ನ ಕಿವಿ ಹಿಂಡಿದ್ದರು.

ಅವರು ಹಾಗೆ ಓಡಿ ಬಂದದ್ದಕ್ಕೆ ಕಾರಣ ಇಷ್ಟೇ. ದಿನಾ ಸಂಜೆ ಐದಕ್ಕೆ ಆ ಕೂಗು ಕೇಳಿದ ಕೂಡಲೇ ರಾಯರು ಕೆಳಗಿಳಿಯಬೇಕು. ಇಬ್ಬರೂ ಹಾಲಿನ ಬೂತ್ ಪಕ್ಕದ ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಎರಡು ಗ್ಲಾಸು ಚಹಾ ಕುಡಿಯಬೇಕು. ಇಪ್ಪತ್ತು ವರ್ಷದಿಂದ ಹಾಗೇ. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಒಬ್ಬರು ಕೂಗುತ್ತಿದ್ದರು, ಇನ್ನೊಬ್ಬರು ಕರಡು ತಿದ್ದಿದಂತೆ ನಿಧಾನವಾಗಿ ಉತ್ತರಿಸುತ್ತಿದ್ದರು. ಅರ್ಣವ್‌ನ ಅಜ್ಜಿ ತೀರಿಕೊಂಡ ವಾರದಲ್ಲಿ ಆ ಬೆಂಚಿನ ಮೇಲೆ ಒಂದು ಮಾತೂ ಇರಲಿಲ್ಲವಂತೆ, ಚಹಾ ಮಾತ್ರ ಇತ್ತಂತೆ. ಸುಮಿತ್ರಮ್ಮ ಹೇಳಿದ್ದು.

ಪಾಠ ಜೋರಾಗಿ ಸಾಗಿತು. ನಾನು ಯೂರೋಪನ್ನೇ ಒಂದು ಹೌಸಿಂಗ್ ಸೊಸೈಟಿ ಮಾಡಿಬಿಟ್ಟೆ. ಆಸ್ಟ್ರಿಯಾ ಎಂದರೆ ಹಳೇ ಫೈಲು, ಹಳೇ ಗತ್ತು. ಜರ್ಮನಿ ಹೊಸದಾಗಿ ದೊಡ್ಡ ಕಾರು ಕೊಂಡವನು, ನಿಲ್ಲಿಸಲು ಜಾಗ ಬೇಕು. ಇಂಗ್ಲೆಂಡು ಇಡೀ ಪಾರ್ಕಿಂಗ್ ತನ್ನದೇ ಎಂದುಕೊಂಡವನು. ಒಬ್ಬೊಬ್ಬರಿಗೂ ಒಂದೊಂದು ದನಿ.

"ಭಯ್ಯಾ, ಏಕ್ ಗೋಲಿ ಸೇ ಪೂರಾ ವರ್ಲ್ಡ್ ವಾರ್?" ಅರ್ಣವ್ ನಂಬಲೇ ಇಲ್ಲ.

"ಗುಂಡು ಕಾರಣ ಅಲ್ಲ ಕಣೋ, ನೆಪ" ಎಂದೆ.

"ನೆಪ ಅಂದ್ರೆ?" ಮೇಘನಾಳಿಗೆ ಕನ್ನಡ ಅರ್ಥವಾಗುವುದು ಮುಕ್ಕಾಲು, ಆಡಲು ಬರುವುದು ಅರ್ಧ.

"ಬಹಾನಾ. ಆಸ್ಟ್ರಿಯಾದ ಯುವರಾಜನ್ನ ಕೊಂದದ್ದು ನೆಪ. ಜಗಳಕ್ಕೆ ಎಲ್ಲರೂ ಮೊದಲೇ ತಯಾರಾಗಿ ಕೂತಿದ್ರು, ಅದು ಕಾರಣ. ಆಸ್ಟ್ರಿಯಾ ಸರ್ಬಿಯಾಕ್ಕೆ ಒಂದು ಪತ್ರ ಕಳಿಸ್ತು, ನಲವತ್ತೆಂಟು ಗಂಟೇಲಿ ಒಪ್ಕೋ ಅಂತ. ಸರ್ಬಿಯಾ ಹೆಚ್ಚೂಕಡಿಮೆ ಎಲ್ಲಾ ಒಪ್ಕೊಂಡಿತ್ತು. ಆದ್ರೂ ಯುದ್ಧ ಆಯ್ತು."

ಮೇಘನಾ ಪೆನ್ಸಿಲ್ ಕಚ್ಚುತ್ತ ಯೋಚಿಸಿದಳು. "ಆ ಲೆಟರ್ ತಗೊಂಡು ಹೋದವ್ರು ಇರ್ತಾರಲ್ಲ, ಬೀಚ್ ಮೇ, ಮಧ್ಯದಲ್ಲಿ... ಅವರು ತಪ್ಪು ಹೇಳಿದ್ರೆ? ಅವರ ಬಗ್ಗೆ ಬುಕ್‌ನಲ್ಲಿ ಇಲ್ವಲ್ಲ?"

"ಪೋಸ್ಟ್‌ಮ್ಯಾನ್‌ಗೆ ಪರೀಕ್ಷೇಲಿ ಮಾರ್ಕ್ಸ್ ಇಲ್ಲಮ್ಮ, ಮುಂದೆ ಬರೀ" ಎಂದೆ. ಇಬ್ಬರೂ ನಕ್ಕರು. ನಾನೂ ನಕ್ಕೆ.

ಡಿಸೆಂಬರ್ ಕೊನೆಯ ಹೊತ್ತಿಗೆ ಸೂರ್ಯ ಮಧ್ಯಾಹ್ನ ಒಂದು ಗಂಟೆ ಮಾತ್ರ ಹಾಜರಿ ಹಾಕಿ ಹೋಗುತ್ತಿದ್ದ. ಅಂಥ ಬಿಸಿಲಿಗೆ ಚೋಪ್ರಾ ಅಂಕಲ್ ಛಾವಣಿಯ ಮೇಲೆ ಕಾಂಜಿಯ ಜಾಡಿ ಇಟ್ಟಿದ್ದರು. ನಮ್ಮ ಗಂಜಿಯಲ್ಲ, ಕಪ್ಪು ಕ್ಯಾರೆಟ್ಟು, ಸಾಸಿವೆ ಪುಡಿ, ನೀರು ಹಾಕಿ ದಿನಗಟ್ಟಲೆ ಬಿಸಿಲಿಗಿಟ್ಟು ಹುಳಿಯಾಗಿಸುವ ಪಾನಕ. ಅದೇ ವಾರ ನೀರಿನ ಟ್ಯಾಂಕ್ ತೊಳೆಯಲು ರಾಯರು ಕೆಲಸದವರನ್ನು ಕರೆಸಿದರು. ಛಾವಣಿಯ ಮೇಲಿನ ಸಾಮಾನು ತೆಗೆಯಬೇಕೆಂದು ಏಳು ದಿನ ಮೊದಲೇ, ಹಿಂದಿ ಇಂಗ್ಲಿಷ್ ಎರಡರಲ್ಲೂ ನೋಟಿಸ್ ಹಾಕಿದ್ದರು. ಚೋಪ್ರಾ ಅಂಕಲ್ ಜನ್ಮದಲ್ಲಿ ನೋಟಿಸ್ ಓದಿದವರಲ್ಲ. ಕೆಲಸದವನ ಪೈಪು ಬಡಿದು ಜಾಡಿ ಎರಡು ಹೋಳಾಯಿತು. ನೇರಳೆ ಬಣ್ಣದ ನೀರು ಮೆಟ್ಟಿಲ ಮೇಲೆಲ್ಲ ಹರಿಯಿತು.

"ನೋಟಿಸ್? ಬೀಸ್ ಸಾಲ್ ಸೇ ಚಾಯ್ ಪೀ ರಹೇ ಹೈಂ, ಮುಂಹ್ ಸೇ ನಹೀಂ ಬೋಲ್ ಸಕ್ತೇ ಥೇ?" ಎಂದು ಚೋಪ್ರಾ ಅಂಕಲ್ ಅಂಗಳದಲ್ಲಿ ನಿಂತು ಕೂಗಿದರು. ಇಪ್ಪತ್ತು ವರ್ಷ ಜೊತೆಗೆ ಚಹಾ ಕುಡಿದವನಿಗೆ ಒಂದು ಮಾತು ಬಾಯಲ್ಲಿ ಹೇಳಲಾಗಲಿಲ್ಲವೇ ಎಂಬುದು ಅವರ ನೋವು. ರಾಯರು ಬಾಲ್ಕನಿಯಿಂದ ಉತ್ತರಿಸಲಿಲ್ಲ. ಉತ್ತರ ಬರೆದು, ಟೈಪ್ ಮಾಡಿಸಿ, ಲಕೋಟೆಯಲ್ಲಿ ಕಳಿಸಿದರು. "ಸೆಕ್ರೆಟರಿ ಅಂದ್ಮೇಲೆ ಎಲ್ಲರೂ ಒಂದೇ. ಸ್ನೇಹಿತನಿಗೆ ಬೇರೆ ನೋಟಿಸ್ ಹಾಕೋಕಾಗುತ್ತಾ?" ಎಂದರು ನನಗೆ. ಅಂದು ಸಂಜೆ ಐದಕ್ಕೆ ಕೂಗು ಕೇಳಲಿಲ್ಲ. ಮರುದಿನವೂ ಇಲ್ಲ. ವಾಟ್ಸಾಪ್ ಗುಂಪಿನಲ್ಲಿ ಎ ಬ್ಲಾಕ್ ಒಂದು ಕಡೆ, ರಾಯರ ಬಿ ಬ್ಲಾಕ್ ಒಂದು ಕಡೆ ಸಾಲುಗಟ್ಟಿತು.

ನನಗೋ ಹಬ್ಬ. ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಬೇಕೆ? ಆ ಶನಿವಾರ ಚಾರ್ಟಿನ ಮೇಲೆ ಬೆರಳಿಟ್ಟು, "ನೋಡಿ ಮಕ್ಕಳೇ, ಇದು ಮೈತ್ರಿಕೂಟ, ಇದು ಶಸ್ತ್ರ ಪೈಪೋಟಿ, ಮತ್ತೆ ಈ ಜಾಡಿ ನಮ್ಮ ಯುವರಾಜ! ಪಾಪ, ಪೈಪಿನ ಏಟಿಗೆ ಸ್ಥಳದಲ್ಲೇ..." ಎಂದು ಶೋಕವಾರ್ತೆ ಓದುವ ದನಿ ತೆಗೆದೆ. ಮೇಘನಾ ನಕ್ಕಳು. ಅರ್ಣವ್ ನಗಲಿಲ್ಲ.

"ವೋ ದಾದೀ ಕಾ ಥಾ, ಭಯ್ಯಾ" ಎಂದ. ಅಜ್ಜಿಯ ಜಾಡಿ. ಅವಳೇ ಪ್ರತಿವರ್ಷ ಕಾಂಜಿ ಹಾಕುತ್ತಿದ್ದದ್ದು. ಅವಳು ಹೋದ ಮೇಲೆ ಚೋಪ್ರಾ ಅಂಕಲ್ ಮೊದಲ ಸಲ ತಾವೇ ಹಾಕಿದ್ದರು.

ಆಗ ನಾನು ಸುಮ್ಮನಾಗಬೇಕಿತ್ತು. ಸುಮ್ಮನಿರುವ ವಿದ್ಯೆಯೊಂದು ನನಗೆ ಬರುತ್ತಿರಲಿಲ್ಲ. ಇನ್ಯಾರದೋ ದನಿ ತೆಗೆದು ವಿಷಯ ಹಾರಿಸಿದೆ.

ಮರುದಿನ ಭಾನುವಾರ ಗೇಟಿನೊಳಗೆ ಕಾಲಿಡುತ್ತಿದ್ದಂತೆ ಚೋಪ್ರಾ ಅಂಕಲ್ ಎದುರಾದರು. ನನಗಾಗಿಯೇ ಕಾಯುತ್ತಿದ್ದಂತಿತ್ತು. ಕೈಯಲ್ಲೊಂದು ಗಜಕ್ ಪೊಟ್ಟಣ. ಹತ್ತಿರ ಬಂದು, ನನ್ನ ತೋಳು ಹಿಡಿದು, ಅವರಿಗೆ ಇಂಥದೊಂದು ದನಿ ಇದೆಯೆಂದೇ ನನಗೆ ಗೊತ್ತಿರದಷ್ಟು ಮೆಲ್ಲಗೆ ಹೇಳಿದರು.

"ಬೇಟಾ, ತುಮ್ ತೋ ಉನ್ಕೀ ಭಾಷಾ ಜಾನ್ತೇ ಹೋ. ರಾವ್ ಸಾಬ್ ಕೋ ಅಪ್ನೀ ಭಾಷಾ ಮೇಂ ಸಮ್‌ಝಾ ದೇನಾ. ಬಹುತ್ ಹೋ ಗಯಾ. ಆಜ್ ಶಾಮ್ ತಕ್ ರಾಜೀನಾಮಾ ಹೋ ಜಾಯೇ, ಬಸ್. ಮೈಂ ವಹೀಂ ಮಿಲೂಂಗಾ."

ರಾಯರಿಗೆ ನಿಮ್ಮ ಭಾಷೆಯಲ್ಲೇ ತಿಳಿಸಿ ಹೇಳು, ಇಷ್ಟಾಯಿತು ಸಾಕು, ಎಂಬುದು ಅವರ ಮಾತು. ಆಮೇಲೆ ಪೊಟ್ಟಣ ನನ್ನ ಕೈಗಿಟ್ಟು "ಯೇ ಭೀ ಲೇ ಜಾನಾ" ಎಂದರು. ಇದನ್ನೂ ತಗೊಂಡು ಹೋಗು.

ನನ್ನ ಕಿವಿಗೆ ಬಿದ್ದದ್ದು ಒಂದೇ ಪದ. ಇವತ್ತು ಸಂಜೆಯೊಳಗೆ ರಾಜೀನಾಮೆ! ಸೆಕ್ರೆಟರಿ ಹುದ್ದೆಗೆ ರಾಜೀನಾಮೆ ಕೇಳುತ್ತಿದ್ದಾರೆ, ಅದೂ ಗಡುವು ಹಾಕಿ! ನಲವತ್ತೆಂಟು ಗಂಟೆಯೂ ಅಲ್ಲ, ಬರೀ ಒಂದೆರಡು ಗಂಟೆಯಷ್ಟೇ. ಪಠ್ಯಪುಸ್ತಕ ಗೇಟಿನ ಹತ್ತಿರವೇ ಬಂದು ನಿಂತಿತ್ತು. ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೆ ಖುಷಿಯಾಗಿತ್ತು.

ರಾಯರು ಕುರ್ಚಿಯಲ್ಲಿ ಕೂತು ಪೇಪರ್ ಹಿಡಿದಿದ್ದರು, ಓದುತ್ತಿರಲಿಲ್ಲ. ಸುಮಿತ್ರಮ್ಮ ಮೇಘನಾಳನ್ನು ಕರೆದುಕೊಂಡು ಬಜಾರಿಗೆ ಹೋಗಿದ್ದರು. "ಸರ್, ಚೋಪ್ರಾ ಅಂಕಲ್ ಹೇಳಿಕಳಿಸಿದ್ದಾರೆ" ಎಂದೆ. ಅವರು ಪೇಪರ್ ಕೆಳಗಿಟ್ಟರು. ಕನ್ನಡಕ ತೆಗೆದರು. ಆ ಮುಖದಲ್ಲಿದ್ದ ಆಸೆಯನ್ನು ನಾನು ಅಂದು ಗಮನಿಸಲಿಲ್ಲ, ಈಗ ಮರೆಯಲಾಗುತ್ತಿಲ್ಲ.

"ಏನಂದ?"

ಸುಮ್ಮನೆ ಹೇಳಬಹುದಿತ್ತು. ಆದರೆ ಚೋಪ್ರಾ ಅಂಕಲ್ ನನ್ನ ಅತ್ಯುತ್ತಮ ಐಟಂ ಅಲ್ಲವೇ? ಎದೆ ಮುಂದೆ ಮಾಡಿ, ಎಡಗಿವಿಗೆ ಕೈ ಹಿಡಿದು, ಪಾರಿವಾಳ ಹಾರಿಸುವ ಆ ದನಿಯಲ್ಲಿ ಕೂಗಿದೆ. "ಓಯ್ ರಾವ್ ಸಾಬ್! ಬಹುತ್ ಹೋ ಗಯಾ!" ಆಮೇಲೆ ಅವರು ಹೇಳಿದಂತೆಯೇ ನಮ್ಮ ಭಾಷೆಯಲ್ಲಿ ತಿಳಿಸಿದೆ. "ಇವತ್ತು ಸಂಜೆಯೊಳಗೆ ರಾಜೀನಾಮೆ ಆಗಬೇಕಂತೆ ಸರ್. ಬಸ್, ಅಂದ್ರು."

ರಾಯರು ಕನ್ನಡಕ ಮತ್ತೆ ಹಾಕಿಕೊಂಡರು. "ಹಾಗಂದ್ನಾ?"

"ಹೂಂ ಸರ್. ಹಾಗೇ."

ಅವರು ಎದ್ದು ಒಳಗೆ ಹೋದರು. ಬಿಳಿ ಹಾಳೆ ತಂದರು. ನಾಲ್ಕೇ ಸಾಲು ಬರೆದರು, ಒಂದು ಚಿತ್ತಿಲ್ಲ. ಕೆಳಗಿಳಿದು, ನೋಟಿಸ್ ಬೋರ್ಡಿನ ಗಾಜಿನ ಬಾಗಿಲು ತೆರೆದು, ತಮ್ಮದೇ ರಾಜೀನಾಮೆಯನ್ನು ನಾಲ್ಕೂ ಮೂಲೆಗೆ ಪಿನ್ ಚುಚ್ಚಿ ಹಾಕಿದರು. ಬೋರ್ಡಿನ ಬೀಗದ ಕೈಯನ್ನು ಕಾವಲುಗಾರನಿಗೆ ಕೊಟ್ಟು ಮೇಲೆ ಬಂದರು. "ಇವತ್ತು ಪಾಠ ಬೇಡಪ್ಪ" ಎಂದರು.

ವಾಪಸ್ಸು ಹೊರಟಾಗ ಐದು ಗಂಟೆ. ಬೂತ್ ಪಕ್ಕದ ಬೆಂಚಿನ ಮೇಲೆ ಚೋಪ್ರಾ ಅಂಕಲ್ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಎರಡು ಗ್ಲಾಸು ಚಹಾ, ಎರಡರ ಮೇಲೂ ಹಬೆ. ಗೆದ್ದ ಸುದ್ದಿಗೆ ಕಾಯುತ್ತಿದ್ದಾರೆ ಎಂದುಕೊಂಡು ದೂರದಿಂದಲೇ ಹೆಬ್ಬೆರಳೆತ್ತಿ ಕೆಲಸ ಆಯಿತೆಂದು ತೋರಿಸಿದೆ. ಅವರು ನಕ್ಕು ಕೈಯೆತ್ತಿದರು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ಗಜಕ್ ತಿಂದೆ. ಮೇಷ್ಟ್ರಿಗೆ ಪ್ರೀತಿಯಿಂದ ಕೊಟ್ಟದ್ದು ಎಂದುಕೊಂಡಿದ್ದೆ.

ಆಮೇಲಿನದನ್ನು ನಾನು ಕಣ್ಣಾರೆ ಕಂಡೆ. ರಾಜೀನಾಮೆ ಓದಿದ ಚೋಪ್ರಾ ಅಂಕಲ್ ಬೆಂಚಿಗೆ ಬರುವುದನ್ನೇ ಬಿಟ್ಟರು. ಅರ್ಣವ್ ಬಿ ಬ್ಲಾಕಿಗೆ ಬರುವುದನ್ನು ಬಿಟ್ಟ. ನಾನು ಶನಿವಾರ ಅಲ್ಲಿ, ಭಾನುವಾರ ಇಲ್ಲಿ ಒಂದೇ ಯುದ್ಧವನ್ನು ಎರಡು ಮನೆಗಳಲ್ಲಿ ಹೇಳಿಕೊಟ್ಟೆ. ಎರಡು ಮನೆಯಲ್ಲೂ ಒಳಗಿನ ಕೋಣೆಯಿಂದ ಒಬ್ಬ ಮುದುಕರು ಕೆಮ್ಮುತ್ತ ಕೇಳಿಸಿಕೊಳ್ಳುತ್ತಿದ್ದರು. ತಪ್ಪು ಯಾರದು ಎಂಬ ಪ್ರಶ್ನೆ ಬಂದಾಗ ಕೆಮ್ಮು ನಿಲ್ಲುತ್ತಿತ್ತು. ಚಾರ್ಟನ್ನು ಮಕ್ಕಳು ಕತ್ತರಿಯಿಂದ ಎರಡು ಮಾಡಿಕೊಂಡರು. ಮೈತ್ರಿಕೂಟಗಳು ಅರ್ಣವ್‌ಗೆ, ತಕ್ಷಣದ ಕಾರಣಗಳು ಮೇಘನಾಳಿಗೆ. ಸ್ಕೂಲಿನಲ್ಲಿ ಎರಡನ್ನೂ ಟೇಪು ಹಾಕಿ ಜೋಡಿಸಿದರಂತೆ. ಟೀಚರ್ ಶಭಾಷ್ ಎಂದರಂತೆ.

ಮೂರು ವಾರ ಕಳೆದಿರಬೇಕು. ಓಲ್ಡ್ ರಾಜಿಂದರ್ ನಗರದಲ್ಲಿ ನನ್ನ ಪಕ್ಕದ ಕೋಣೆಯ ಸಂದೀಪ, ಹರಿಯಾಣದವನು, ನೀರಿನ ಮೋಟಾರಿನ ವಿಷಯಕ್ಕೆ ಮನೆ ಮಾಲೀಕನ ಜೊತೆ ಕೈಕೈ ಮಿಲಾಯಿಸಿದ. ಬೀಟ್ ಪೊಲೀಸಿನವನು ಬಂದು ಇಬ್ಬರನ್ನೂ ಎದುರುಬದುರು ಕೂರಿಸಿ "ಚಲೋ, ರಾಜೀನಾಮಾ ಲಿಖೋ ದೋನೋಂ" ಎಂದ. ಇಬ್ಬರೂ ಬರೆಯಬೇಕಂತೆ.

"ದೋನೋಂ? ಮಾಲೀಕ ಯಾವುದಕ್ಕೆ ರಾಜೀನಾಮೆ ಕೊಡ್ತಾನೆ, ಮಾಲೀಕ ಆಗಿರೋದಕ್ಕಾ?" ಎಂದು ನಾನು ಹಿಂದಿಯಲ್ಲಿ ಹಾಸ್ಯ ಮಾಡಿದೆ.

ಸಂದೀಪ ನನ್ನನ್ನು ವಿಚಿತ್ರವಾಗಿ ನೋಡಿದ. "ಅಬೇ, ರಾಜೀನಾಮಾ ಮಾನೇ ಸಮ್‌ಝೌತಾ. ನೌಕ್ರೀ ಛೋಡ್ನಾ ತೋ ಇಸ್ತೀಫಾ ಹೋತಾ ಹೈ. ತೂ ಕ್ಯಾ ಸಮ್‌ಝಾ?"

ರಾಜೀನಾಮಾ ಎಂದರೆ ರಾಜಿ. ಒಪ್ಪಂದ. ಇಬ್ಬರೂ ಕೂತು ಮುಗಿಸಿಕೊಳ್ಳುವುದು. ನಮ್ಮಲ್ಲಿ ಬಿಟ್ಟುಹೋಗುವುದಕ್ಕೆ ಹೇಳುವ ಪದ ಇವರಲ್ಲಿ ಕೂಡಿಕೊಳ್ಳುವುದಕ್ಕೆ. ಮೊದಲು ನನಗೆ ನಗು ಬಂತು. ಆಮೇಲೆ ಬೆಂಚಿನ ಮೇಲಿನ ಎರಡು ಗ್ಲಾಸು ಕಣ್ಣಮುಂದೆ ಬಂದವು. ವಹೀಂ ಮಿಲೂಂಗಾ, ಅಲ್ಲೇ ಸಿಗುತ್ತೇನೆ, ಎಂದಿದ್ದರು. ನಾನು ಆ ಮಾತನ್ನು ಮೇಲಕ್ಕೆ ಒಯ್ದೇ ಇರಲಿಲ್ಲ. ಆಡಿ ತೋರಿಸಲು ಅದರಲ್ಲೇನೂ ಇರಲಿಲ್ಲವಲ್ಲ.

ಹೇಳಿಬಿಡಬೇಕೆಂದು ಮುಂದಿನ ಭಾನುವಾರ ಹೊರಟೆ. ಕನ್ನಡಿ ಮುಂದೆ ಅಭ್ಯಾಸವನ್ನೂ ಮಾಡಿದ್ದೆ, ಮೂರು ದನಿಗಳಲ್ಲಿ. ಹೋಗಿ ನೋಡಿದರೆ ರಾಯರು ನೆಲದ ಮೇಲೆ ಕೂತು ಸೊಸೈಟಿಯ ಫೈಲುಗಳಿಗೆ ಹೊಸ ದಾರ ಕಟ್ಟುತ್ತಿದ್ದರು. ಹೊಸ ಸೆಕ್ರೆಟರಿ ಆಯ್ಕೆಯಾಗಿ ಆಗಿತ್ತು. "ಒಳ್ಳೇದೇ ಆಯ್ತು ಬಿಡು. ಇನ್ಮೇಲೆ ಬೆಳಗ್ಗೆ ವಾಕಿಂಗ್ ಹೋಗ್ಬೋದು" ಎಂದರು. ಒಂದೊಂದು ಗಂಟನ್ನೂ ಎರಡೆರಡು ಸಲ ಎಳೆದು ನೋಡುತ್ತಿದ್ದರು. ನನ್ನ ಮೂರು ದನಿಗಳೂ ಕೈಕೊಟ್ಟವು. ಪ್ರಿಲಿಮ್ಸ್ ಆಗಲಿ, ಹೇಳೋಣ ಎಂದುಕೊಂಡೆ. ಪ್ರಿಲಿಮ್ಸ್ ಮೂರನೇ ಸಲವೂ ಬಾಗಿಲು ಹಾಕಿಕೊಂಡಿತು. ಫಲಿತಾಂಶದ ಬೇಸರ ಕಳೆಯಲಿ, ಹೇಳೋಣ ಎಂದುಕೊಂಡೆ. ಯುದ್ಧಕ್ಕಿದ್ದದ್ದಕ್ಕಿಂತ ಹೆಚ್ಚು ನೆಪಗಳು ನನ್ನ ಹತ್ತಿರ ಇದ್ದವು.

ಪರೀಕ್ಷೆಗೂ ಮೊದಲೇ, ಆ ಏಪ್ರಿಲ್‌ನಲ್ಲಿ, ಅರ್ಣವ್‌ನ ಅಪ್ಪನಿಗೆ ಮಾನೇಸರ್ ಕಡೆ ಕೆಲಸವಾಗಿ ಮನೆ ಖಾಲಿ ಮಾಡಿದರು. ಹೊರಡುವ ದಿನ ನಾನು ಅಲ್ಲಿದ್ದೆ. ಲಾರಿಗೆ ಸಾಮಾನು ಏರುತ್ತಿತ್ತು. ಚೋಪ್ರಾ ಅಂಕಲ್ ಕುರ್ಚಿಯೊಂದರಲ್ಲಿ ಅಂಗಳದ ನಡುವೆ ಕೂತು ಬಿ ಬ್ಲಾಕಿನ ಎರಡನೇ ಮಹಡಿ ನೋಡುತ್ತಿದ್ದರು. ಬಾಲ್ಕನಿಯಲ್ಲಿ ಯಾರೂ ಇರಲಿಲ್ಲ. ನನ್ನನ್ನು ಹತ್ತಿರ ಕರೆದರು.

"ಬೇಟಾ, ತೂನೇ ಉನ್ಸೇ ಕಹಾ ಥಾ ನಾ?"

"ಜೀ ಅಂಕಲ್. ಕಹಾ ಥಾ."

"ಔರ್ ವೋ ಗಜಕ್? ಉನ್ಕೋ ಬಹುತ್ ಪಸಂದ್ ಹೈ. ದೀ ಥೀ?"

ನನ್ನ ಮಾತು ಹೇಳಿದ್ದೆ ತಾನೇ, ಗಜಕ್ ರಾಯರಿಗೆ ತುಂಬಾ ಇಷ್ಟ, ಕೊಟ್ಟೆಯಾ ಎಂದು ಕೇಳುತ್ತಿದ್ದರು. ಆಗಲಾದರೂ ಬಾಯಿ ಬಿಡಬಹುದಿತ್ತು. ರಾಯರು ಇಪ್ಪತ್ತೋ ಮೂವತ್ತೋ ಮೆಟ್ಟಿಲ ಮೇಲಿದ್ದರು.

"ಜೀ ಅಂಕಲ್" ಎಂದೆ.

ಅವರು ತಲೆಯಾಡಿಸಿದರು. ಗಜಕ್ ತಿಂದು, ರಾಜಿಯ ಮಾತು ಕೇಳಿ, ಆದರೂ ಮುಖಕ್ಕೆ ರಾಜೀನಾಮೆ ಹೊಡೆದ ಗೆಳೆಯನೊಬ್ಬನನ್ನು ಮನಸ್ಸಿನಲ್ಲಿಟ್ಟುಕೊಂಡು ಅವರು ಲಾರಿಯ ಹಿಂದೆ ಕಾರಿನಲ್ಲಿ ಹೋದರು. ಆ ಗೆಳೆಯನನ್ನು ಮಾಡಿಕೊಟ್ಟವನು ನಾನು.

ನಾಲ್ಕನೆಯ ಸಲ ಪರೀಕ್ಷೆ ಬರೆಯಲಿಲ್ಲ. ಈಗ ನಾನೂ ಮಾನೇಸರ್‌ನಲ್ಲೇ ಇದ್ದೇನೆ, ಬಿಡಿಭಾಗಗಳ ಒಂದು ಕಾರ್ಖಾನೆಯಲ್ಲಿ ಹೊಸ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುತ್ತೇನೆ. ಚೋಪ್ರಾ ಅಂಕಲ್ ಮನೆ ನನ್ನ ಬಸ್ಸಿನ ದಾರಿಯಲ್ಲೇ ಇತ್ತು. ಇಳಿಯಲಿಲ್ಲ. ಹೋದ ವಾರ ಮೇಘನಾ ಫೋನ್ ಮಾಡಿದಳು. ಈಗ ಕಾಲೇಜಿನಲ್ಲಿ ಇತಿಹಾಸವನ್ನೇ ಓದುತ್ತಿದ್ದಾಳೆ. "ಭಯ್ಯಾ, ಚೋಪ್ರಾ ಅಂಕಲ್ ಹೋಗ್ಬಿಟ್ರು. ಅರ್ಣವ್ ಮೆಸೇಜ್ ಮಾಡ್ದ. ತಾತ ಪ್ರೇಯರ್ ಮೀಟಿಂಗ್‌ಗೆ ಹೋಗಿ, ಹಾಲ್‌ನಲ್ಲಿ ಲಾಸ್ಟ್ ರೋನಲ್ಲಿ ಕೂತು ಬಂದ್ರು. ಮಾತೇ ಆಡ್ತಿಲ್ಲ. ನೀವು ಬಂದು ಏನಾದ್ರೂ ಮಿಮಿಕ್ರಿ ಮಾಡ್ತೀರಾ? ನಗ್ತಾರೇನೋ."

ಹಾಗೆ ಬಂದದ್ದು.

ರಾಯರು ಅದೇ ಕುರ್ಚಿಯಲ್ಲಿದ್ದರು, ಅದೇ ಮಫ್ಲರ್. ಸುಮಿತ್ರಮ್ಮ ಕಾಫಿ ತಂದಿಟ್ಟು ಒಳಗೆ ಹೋದರು. ಗಜಕ್ ಪೊಟ್ಟಣವನ್ನು ಮೇಜಿನ ಮೇಲಿಟ್ಟು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಪದದ ಅರ್ಥ, ಸಂದೀಪ, ನನ್ನ ನೆಪಗಳು, ತಿಂದ ಗಜಕ್, ಲಾರಿಯ ಪಕ್ಕದ ಸುಳ್ಳು. ಯಾರ ದನಿಯೂ ಇಲ್ಲದೆ. ನನ್ನ ಸ್ವಂತ ದನಿ ಇಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ.

"ಪದದ ವಿಷಯ ಗೊತ್ತಿತ್ತು ಕಣಯ್ಯಾ" ಎಂದರು ರಾಯರು.

"ಗೊತ್ತಿತ್ತಾ ಸರ್?"

"ಜೀವಮಾನ ಪೂರ್ತಿ ದಿಲ್ಲೀಲಿ ಫೈಲು ನೋಡಿದೋನು. ರಾಜೀನಾಮಾ ಅಂದ್ರೇನೂಂತ ಗೊತ್ತಿಲ್ವಾ ನಂಗೆ? ನೀನು ಕನ್ನಡದಲ್ಲಿ ಹೇಳ್ದೆ, ಕನ್ನಡದಲ್ಲೇ ಕೇಳಿಸ್ಕೊಂಡೆ. ಮಾರನೇ ದಿನ ಹಲ್ಲುಜ್ಜೋವಾಗ ಹೊಳೀತು."

"ಮತ್ತೆ ಯಾಕೆ ಸರ್, ಅವತ್ತೇ ಹೋಗಿ..."

"ಹೋಗೋಣಾಂತ ಚಪ್ಪಲೀನೂ ಹಾಕ್ಕೊಂಡೆ. ಆದ್ರೆ ಆ ದನಿ ಕಿವೀಲಿತ್ತಲ್ಲ. ರಾಜಿಗೆ ಬಂದೋನು ಹಾಗೆ ಗದರಿಸ್ತಾನಾ? ಹೆದರಿಸಿ ರಾಜಿ ಮಾಡ್ಕೊಳ್ಳೋದಾ? ನನ್ನ ಹತ್ರಾನಾ? ಅಂತ ಚಪ್ಪಲಿ ಬಿಟ್ಟೆ." ಆಮೇಲೆ ಕೇಳಿದರು, "ಅವನು ಹಾಗೇ ಅಂದ್ನಾ? ಆ ದನೀಲಿ?"

"ಇಲ್ಲ ಸರ್."

"ಮತ್ತೆ ಹೇಗಂದ? ಅವನು ಹೇಗಂದ್ನೋ ಹಾಗೇ ಹೇಳು."

ಬಾಯಿ ತೆರೆದ ಕೂಡಲೇ ಗಂಟಲಿಗೆ ಆ ಹಳೆಯ ಕೂಗೇ ಬಂತು. ನುಂಗಿಕೊಂಡೆ. ಗೇಟಿನ ಹತ್ತಿರ ನನ್ನ ತೋಳು ಹಿಡಿದ ಕೈಯನ್ನು ನೆನೆಸಿಕೊಂಡೆ. ಆಮೇಲೆ ರಾಯರ ಕುರ್ಚಿಯ ಪಕ್ಕ ಬಗ್ಗಿ, ಅವರ ತೋಳು ಹಿಡಿದು, ಅಷ್ಟೇ ಮೆಲ್ಲಗೆ ಹೇಳಿದೆ. "ಬಹುತ್ ಹೋ ಗಯಾ. ಆಜ್ ಶಾಮ್ ತಕ್ ರಾಜೀನಾಮಾ ಹೋ ಜಾಯೇ, ಬಸ್. ಮೈಂ ವಹೀಂ ಮಿಲೂಂಗಾ."

ರಾಯರು ಮುಖವೆತ್ತಿದರು.

"ವಹೀಂ ಅಂದ್ನಾ?"

"ಹೌದು ಸರ್. ಅದನ್ನ ನಾನು ಹೇಳ್ಲೇ ಇಲ್ಲ. ಎರಡು ಗ್ಲಾಸ್ ಚಹಾ ಇಟ್ಕೊಂಡು ಕೂತಿದ್ರು."

ಅವರು ನಿಧಾನವಾಗಿ ಎದ್ದರು. ಮಫ್ಲರನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡರು. ಮೇಜಿನ ಮೇಲಿನ ಪೊಟ್ಟಣ ಕೈಗೆತ್ತಿಕೊಂಡರು. ಗಡಿಯಾರ ಐದು ತೋರಿಸುತ್ತಿತ್ತು.

"ಎಲ್ಲಿಗೆ ಹೊರಟ್ರಿ? ಹೊರಗಡೆ ಹೊಗೆ ಹೇಗಿದೆ ನೋಡಿ" ಎಂದು ಸುಮಿತ್ರಮ್ಮ ಒಳಗಿನಿಂದ ಕೂಗಿದರು.

"ಇಲ್ಲೇ, ಬೂತ್ ಹತ್ರ."

ನಾನೂ ಹೊರಟೆ. ಬಾಗಿಲಲ್ಲಿ ಕೈ ಅಡ್ಡ ಹಿಡಿದು "ನೀನು ಬೇಡ" ಎಂದರು. ಕೋಪವಿರಲಿಲ್ಲ ಆ ದನಿಯಲ್ಲಿ. ಏನಿತ್ತೋ ಹೇಳಲಾರೆ.

ಬಾಲ್ಕನಿಗೆ ಬಂದು ನಿಂತೆ. ಅಂಗಳ ದಾಟಿದರು, ಗೇಟು ದಾಟಿದರು. ಬೆಂಚಿನ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಗೆ ಪೊಟ್ಟಣ ಇಟ್ಟರು. ಚಹಾದವನಿಗೆ ಬೆರಳೆತ್ತಿ ಏನೋ ಹೇಳಿದರು. ಒಂದು ಬೆರಳೋ, ಎರಡೋ, ಆ ಹೊಗೆಯಲ್ಲಿ ನನಗೆ ಕಾಣಲಿಲ್ಲ.